ನಾಲ್ಕು ಗಂಟೆ ಆದ್ರೆ ಮನೇಲಿ ಇರೋಕಾಗದ ಸ್ಟ್ರೈಕರ್

ಹೆಸರು, ವಯಸ್ಸು, ಆಡಿದ ಕ್ಲಬ್ಬು ಎಲ್ಲಾ ಬದಲಾಯಿಸಿದೀನಿ, ಅವ್ರನ್ನ ಕೇಳ್ಕೊಂಡೇ ಬರೀತಿರೋದು. ರಾಜು ಅಂತ ಇಟ್ಕೊಳ್ಳಿ. 36 ವರ್ಷ, ಬೆಂಗಳೂರಿನವ್ರೇ. ಆಸ್ಟಿನ್ ಟೌನ್, ಗೌತಮಪುರ ಕಡೆ ಯಾವ ಗಲ್ಲಿಗೆ ಹೋದ್ರೂ ಇಂಥ ಫುಟ್ಬಾಲ್ ಆಟಗಾರರು ಒಬ್ರು ಸಿಗ್ತಾರೆ, ಗುರುತು ಹಿಡಿಯೋಕೆ ಹೋಗ್ಬೇಡಿ. ಊರಿನ ಲೀಗ್ ಆದ ಬೆಂಗಳೂರು ಸೂಪರ್ ಡಿವಿಷನ್ನಲ್ಲಿ ಶುರು ಮಾಡಿ ದೇಶ ಮಟ್ಟದ ಐ-ಲೀಗ್ ತನಕ ಹೋಗಿ 14 ವರ್ಷ ಫುಟ್ಬಾಲೇ ಹೊಟ್ಟೆಪಾಡು ಮಾಡ್ಕೊಂಡಿದ್ದ ಫಾರ್ವರ್ಡ್. ಬಲಗಾಲು ಮಂಡಿಯ ಎಸಿಎಲ್ (ಮಂಡಿ ಒಳಗಿನ ಮುಖ್ಯ ಲಿಗಮೆಂಟು) ಎರಡು ಸಲ ಹರಿದಿದೆ. ಕೊನೇ ಕ್ಲಬ್ಬು ಮೇ ತಿಂಗಳಲ್ಲಿ ಕಾಂಟ್ರಾಕ್ಟ್ ಮುಗಿದ್ಮೇಲೆ ಫೋನೇ ಮಾಡ್ಲಿಲ್ಲ. ನಾನು ರಿಟೈರ್ ಆದೆ ಅಂತ ಇವ್ರೂ ಯಾರಿಗೂ ಹೇಳಿಲ್ಲ.

ನನ್ನ ಹತ್ರ ಕೌನ್ಸೆಲಿಂಗಿಗೆ ಕರ್ಕೊಂಡು ಬಂದಿದ್ದು ಹೆಂಡ್ತಿ. "ಬೆಳಗ್ಗೆ ಚೆನ್ನಾಗೇ ಇರ್ತಾರೆ ಮೇಡಂ, ಮಕ್ಕಳನ್ನ ಸ್ಕೂಲಿಗೆ ಬಿಡ್ತಾರೆ, ತರಕಾರಿ ತರ್ತಾರೆ, ಸಾಯಂಕಾಲ ನಾಲ್ಕು ಆಯ್ತು ಅಂದ್ರೆ ಮನುಷ್ಯನೇ ಬೇರೆ. ಕೂರಲ್ಲ, ನಿಲ್ಲಲ್ಲ, ಸಣ್ಣದಕ್ಕೆಲ್ಲ ರೇಗ್ತಾರೆ, ಗಾಡಿ ತಗೊಂಡು ಹೋದ್ರೆ ರಾತ್ರಿ ಕುಡಿದೇ ಬರೋದು." ಸ್ಟಡ್ಸು (ಫುಟ್ಬಾಲ್ ಶೂ), ಶಿನ್ ಗಾರ್ಡು ಇನ್ನೂ ಗಾಡಿ ಡಿಕ್ಕೀಲೇ ಇವೆಯಂತೆ. ಹೆಂಡ್ತಿ ಒಂದ್ಸಲ ತೆಗೆದು ಅಟ್ಟಕ್ಕೆ ಹಾಕಿದ್ರಂತೆ, ಎರಡು ದಿನಕ್ಕೆ ವಾಪಸ್ ಡಿಕ್ಕಿ ಸೇರಿದ್ವು.

ಮೊದಲ್ನೇ ಸೆಷನ್ನಲ್ಲಿ ನಾನೇ ತಪ್ಪು ಮಾಡ್ದೆ. ಹೊಸ ಇನ್ನಿಂಗ್ಸು ಶುರು ಅಂದ್ಕೊಳ್ಳಿ ಅಂದ್ಬಿಟ್ಟೆ, ಅದೂ ಫುಟ್ಬಾಲ್ ಆಡೋರ ಹತ್ರ ಕ್ರಿಕೆಟ್ ಮಾತು! ಸುಮ್ನೆ ತಲೆ ಆಡಿಸಿ ಎದ್ದು ಹೋದ್ರು, ಎರಡು ವಾರ ಪತ್ತೆ ಇಲ್ಲ.

ಮತ್ತೆ ಬಂದಾಗ ಒಂದು ಪ್ರಶ್ನೆ ರೆಡಿ ಮಾಡ್ಕೊಂಡೇ ಬಂದಿದ್ರು. "ಸುನಿಲ್ ಛೆಟ್ರಿ 2024 ಜೂನ್ ಆರಕ್ಕೆ ಕೋಲ್ಕತ್ತಾದಲ್ಲಿ ಕುವೈತ್ ಮ್ಯಾಚ್ ಆಡಿ ಇಂಡಿಯಾ ಟೀಮಿಗೆ ಗುಡ್‌ಬೈ ಹೇಳಿದ್ರು, 2025 ಮಾರ್ಚಲ್ಲಿ ವಾಪಸ್ ಬಂದು ಮಾಲ್ಡೀವ್ಸ್ ಮೇಲೆ ಗೋಲ್ ಹೊಡೆದ್ರು, ಆಗ ಅವ್ರಿಗೆ ನಲವತ್ತು ಮೇಡಂ. ನಂಗಿನ್ನೂ ಮೂವತ್ತಾರು." ನಾನು ವಾದ ಮಾಡೋಕೆ ಹೋಗ್ಲಿಲ್ಲ. ಆ ಒಂಬತ್ತು ತಿಂಗಳು ಛೆಟ್ರಿ ಸಾಯಂಕಾಲ ಏನು ಮಾಡ್ತಿದ್ರು ಅಂತ ಕೇಳ್ದೆ. "ಬೆಂಗಳೂರು ಎಫ್‌ಸಿ ಕ್ಲಬ್ಬಿಗೆ ಆಡ್ತಾನೇ ಇದ್ರಲ್ಲ" ಅಂದ್ರು, ಅಂದವ್ರು ಅಲ್ಲೇ ನಿಲ್ಲಿಸಿದ್ರು. ಛೆಟ್ರಿ ಬಿಟ್ಟಿದ್ದು ಇಂಡಿಯಾ ಜೆರ್ಸಿ ಮಾತ್ರ, ಪ್ರಾಕ್ಟೀಸು ಬಿಟ್ಟಿರ್ಲಿಲ್ಲ. ರಾಜುಗೆ ಅದೇ ಹೋಗಿದ್ದು. ಹದಿಮೂರನೇ ವಯಸ್ಸಿಂದ ನಾಲ್ಕು ಗಂಟೆಗೆ ಗ್ರೌಂಡಲ್ಲಿ ಇರ್ಬೇಕು ಅಂತ ಕಲ್ತಿರೋ ಮೈ, ಈಗ ಆ ಹೊತ್ತಿಗೆ ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಿಲ್ದೆ ಬಾರಿಗೆ ಹೋಗ್ತಿತ್ತು.

ಇವ್ರ ತಂದೆ ಕಾಲದಲ್ಲಿ ಐಟಿಐ, ಎಚ್‌ಎಎಲ್ ಥರದ ಸರ್ಕಾರಿ ಫ್ಯಾಕ್ಟ್ರಿ ಟೀಮಿಗೆ ಆಡ್ತಿದ್ದೋರಿಗೆ ಕಾಲು ಸೋತರೂ ಕೆಲಸ ಇರ್ತಿತ್ತು, ಮಾರನೇ ದಿನ ಫ್ಯಾಕ್ಟ್ರಿಗೆ ಹೋಗಿ ಕಾರ್ಡ್ ಪಂಚ್ ಮಾಡೋರು, ಕ್ಯಾಂಟೀನಲ್ಲಿ ಅದೇ ಟೀಮಿನವ್ರ ಜೊತೆ ಊಟ. ಕಾಂಟ್ರಾಕ್ಟ್ ಫುಟ್ಬಾಲ್ ಬಂದ್ಮೇಲೆ ಸಂಬಳ ಜಾಸ್ತಿ ಆಯ್ತು ನಿಜ, ಆದ್ರೆ ಅದು ಮುಗಿದ ದಿನ ಸಂಬಳ, ಫ್ರೆಂಡ್ಸು, ಟೈಮ್‌ಟೇಬಲ್ಲು ಎಲ್ಲಾ ಒಂದೇ ಸಲ ಹೋಗುತ್ತೆ. ಇವ್ರೊಬ್ರ ಕತೆನೂ ಅಲ್ಲ. ಆಟಗಾರರ ಸಂಘ ಫಿಫ್‌ಪ್ರೊ 2015ರಲ್ಲಿ ಕೇಳಿದ 219 ಜನ ಮಾಜಿ ಆಟಗಾರರಲ್ಲಿ ನೂರಕ್ಕೆ 35 ಜನ ಖಿನ್ನತೆ ಅಥವಾ ಆತಂಕದ ಲಕ್ಷಣ ಇದೆ ಅಂದಿದ್ರು. ಇದನ್ನ ಹೇಳಿದಾಗ ರಾಜು ಮೊದ್ಲು ಕೇಳಿದ್ದು "ಅದ್ರಲ್ಲಿ ಸ್ಟ್ರೈಕರ್ ಎಷ್ಟು ಜನ?" ಅಂತ :)

ಸಾಯೋ ಯೋಚನೆ ಬಂದಿದ್ಯಾ ಅಂತ ನೇರವಾಗೇ ಕೇಳ್ದೆ, ಇದನ್ನ ಸುತ್ತಿ ಬಳಸಿ ಕೇಳ್ಬಾರ್ದು. ಇಲ್ಲ ಅಂದ್ರು. ಆದ್ರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಇಬ್ರ ಫೋನಲ್ಲೂ ಸೇವ್ ಮಾಡಿಸ್ದೆ. ಮಂಡಿ ನೋವಿಗೆ ಮಾತ್ರೆ ನುಂಗಿ ಅದ್ರ ಮೇಲೆ ಕುಡೀತಿದ್ದಿದ್ದು ಗೊತ್ತಾಗಿದ್ದೂ ಅವತ್ತೇ, ತಕ್ಷಣ ಡಾಕ್ಟ್ರ ಹತ್ರ ಕಳಿಸ್ದೆ.

ನಿಜವಾಗ್ಲೂ ಮಾತು ಶುರುವಾಗಿದ್ದು ನಾಲ್ಕನೇ ಸೆಷನ್ನಲ್ಲಿ. ನಿಯರ್ ಪೋಸ್ಟ್ ರನ್ (ಬಾಲ್ ಬರೋ ಕಡೆಯ ಗೋಲ್ ಕಂಬದತ್ತ ಓಡೋದು) ಅಂದ್ರೇನು ಅಂತ ಸುಮ್ನೆ ಕೇಳ್ದೆ. ನನ್ನ ಪೇಪರ್‌ವೇಟ್ ಡಿಫೆಂಡರ್ ಆಯ್ತು, ಪೆನ್ನಿನ ಕ್ಯಾಪು ಇವ್ರು. "ಮೊದ್ಲು ಹಿಂದಕ್ಕೆ ಎರಡು ಹೆಜ್ಜೆ, ಅವ್ನು ನನ್ನ ಮರೀಬೇಕು. ಸೈಡಿಂದ ಬಾಲ್ ಕೊಡೋ ವಿಂಗರ್ ತಲೆ ಎತ್ತಿದ ತಕ್ಷಣ ಡಿಫೆಂಡರ್ ಮುಂದಿಂದ ಕಟ್." ಕ್ಯಾಪು ಪೇಪರ್‌ವೇಟ್ ಮುಂದಿಂದ ಸರ್ರನೆ ಹೋಗಿ ಟೇಬಲ್ಲಿಂದ ಕೆಳಗೆ ಬಿತ್ತು. ಅವತ್ತೇ ಮೊದಲ್ನೇ ಸಲ ಅವ್ರು ನಗೋದು ನೋಡಿದ್ದು.

ನಾನು ಕೊಟ್ಟ ಸಲಹೆ ಇಷ್ಟೇ. ಈ ಸೀಸನ್ ಟ್ರಯಲ್ಸಿಗೆ ಹೋಗ್ಬೇಡಿ, ಮಂಡಿ ವಿಷಯ ಡಾಕ್ಟ್ರು ಹೇಳಿದ ಹಾಗೆ, ಛೆಟ್ರಿ ನೋಡ್ಕೊಂಡಲ್ಲ. ನಾಲ್ಕು ಗಂಟೆ ಖಾಲಿ ಬಿಡ್ಬೇಡಿ, ಆ ಹೊತ್ತಿಗೆ ಮೈ ಬೆವರೋ ಕೆಲಸನೇ ಇರ್ಲಿ, ಫಿಸಿಯೋ ಒಪ್ಪಿದ್ರೆ ಈಜು, ಸೈಕಲ್ಲು. ಉಳಿದಿರೋ ದುಡ್ಡೆಷ್ಟು ಅಂತ ಹೆಂಡ್ತಿಗೆ ಲೆಕ್ಕ ಹೇಳಿ, ಅವ್ರು ಊಹೆ ಮಾಡ್ಕೊಂಡಿರೋದು ಇನ್ನೂ ಕೆಟ್ಟದಾಗಿರುತ್ತೆ (ಹಾಗೇ ಇತ್ತು). ಕೋಚಿಂಗಿಗೆ ಅವಸರ ಬೇಡ ಅಂದೆ, ಯಾಕಂದ್ರೆ ಒಂದು ಟರ್ಫಲ್ಲಿ ಒಂಬತ್ತು ವರ್ಷದ ಹುಡುಗನ ಮೇಲೆ ಕಿರುಚಾಡಿ ಕೆಲಸ ಬಿಡಿಸ್ಕೊಂಡು ಬಂದಿದ್ರು. ಕೋಚಿಂಗ್ ಲೈಸೆನ್ಸು ಡಿ, ಸಿ, ಬಿ, ಎ, ಪ್ರೊ ಅಂತ ಮೇಲಕ್ಕೆ ಹೋಗುತ್ತೆ, ಕುಡಿತ ಹತೋಟಿಗೆ ಬಂದ್ಮೇಲೆ ಡಿ ನೋಡೋಣ, ಅಲ್ಲೀ ತನಕ ಪರಿಚಯದ ಕೋಚ್ ಹತ್ರ ದೊಡ್ಡ ಹುಡುಗ್ರಿಗೆ ಆ ಪೇಪರ್‌ವೇಟ್ ಪಾಠ ಒಂದನ್ನೇ ಹೇಳ್ಕೊಡಿ ಅಂದೆ.

ಡಿಕ್ಕೀಲಿರೋ ಸ್ಟಡ್ಸ್ ಬಗ್ಗೆ ಹೆಂಡ್ತಿ ಕೇಳಿದ್ರು. ಇರ್ಲಿ ಬಿಡಿ ಅಂದೆ.

ನಾಲ್ಕು ತಿಂಗಳಾಗಿದೆ. ಕುಡಿತ ವಾರಕ್ಕೆ ಒಂದ್ಸಲಕ್ಕೆ ಇಳಿದಿದೆ ಅಂತಾರೆ, ಹೆಂಡ್ತಿ ಎರಡು ಸಲ ಅಂತಾರೆ. ಮೊನ್ನೆ ಫೋನ್ ಮಾಡಿ ಸೆಷನ್ ಬೆಳಗ್ಗೆ ಹನ್ನೊಂದಕ್ಕೆ ಹಾಕಿ ಮೇಡಂ, ನಾಲ್ಕಕ್ಕೆ ಹುಡುಗ್ರು ಕಾಯ್ತಿರ್ತಾರೆ ಅಂದ್ರು.