ಮೊದಲ ದೂರದರ್ಶಕ ಮತ್ತು ಗೋಡೆಯ ಮೇಲಿನ ಪಂಚಾಂಗ

ಪ್ರಶ್ನೆ: ಎಂಟನೆಯ ತರಗತಿಯಲ್ಲಿರುವ ಮಗಳಿಗೆ ದೂರದರ್ಶಕ ಕೊಡಿಸಬೇಕೆಂದಿದ್ದೇನೆ. 60 ಮಿ.ಮೀ. ಮಸೂರದ ಒಂದರ ಡಬ್ಬಿಯ ಮೇಲೆ ‘525 ಪಟ್ಟು’ ಎಂದು ಬರೆದಿದೆ, 114 ಮಿ.ಮೀ. ಕನ್ನಡಿಯ ಇನ್ನೊಂದರ ಮೇಲೆ ಅಂಥ ಸಂಖ್ಯೆ ಇಲ್ಲ. ಯಾವುದು ಒಳ್ಳೆಯದು? ಗ್ರಹಗಳನ್ನು ಗುರುತಿಸುವುದು ಹೇಗೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಎರಡನೆಯದನ್ನು ಕೊಳ್ಳಿ. ದೂರದರ್ಶಕದ ಮೊದಲ ಕೆಲಸ ಬೆಳಕನ್ನು ಸಂಗ್ರಹಿಸುವುದು. ಹಿಗ್ಗಿಸಿ ತೋರಿಸುವುದು ಆಮೇಲಿನ ಮಾತು. ವ್ಯಾಸದ ಪ್ರತಿ ಮಿ.ಮೀ.ಗೆ ಎರಡು ಪಟ್ಟಿನಂತೆ ಲೆಕ್ಕ ಹಾಕಿದರೆ 60 ಮಿ.ಮೀ. ಮಸೂರದ ಮಿತಿ ಸುಮಾರು 120 ಪಟ್ಟು. ಅದನ್ನು ದಾಟಿದರೆ ಬಿಂಬ ದೊಡ್ಡದಾಗುತ್ತಾ ಮಬ್ಬಾಗುತ್ತದೆಯೇ ಹೊರತು ಹೊಸ ವಿವರವೇನೂ ಕಾಣುವುದಿಲ್ಲ. 1610ರಲ್ಲಿ ಗೆಲಿಲಿಯೊ ಗುರುವಿನ ನಾಲ್ಕು ಚಂದ್ರರನ್ನು ಕಂಡದ್ದು ಸುಮಾರು 20 ಪಟ್ಟಿನಲ್ಲಿ. ಸಂಗಮದೂರ (ಮಸೂರ ಅಥವಾ ಕನ್ನಡಿಯಿಂದ ಬೆಳಕು ಒಂದೆಡೆ ಸೇರುವವರೆಗಿನ ದೂರ) 900 ಮಿ.ಮೀ. ಇರುವ ದೂರದರ್ಶಕಕ್ಕೆ 25 ಮಿ.ಮೀ. ಐಪೀಸ್ (ಕಣ್ಣಿಟ್ಟು ನೋಡುವ ಪುಟ್ಟ ಮಸೂರ) ಹಾಕಿದರೆ 900ನ್ನು 25ರಿಂದ ಭಾಗಿಸಿದಷ್ಟು, ಅಂದರೆ 36 ಪಟ್ಟು ಸಿಗುತ್ತದೆ. ಅಷ್ಟರಲ್ಲಿ ಶನಿ ತನ್ನ ಬಳೆಯೊಂದಿಗೆ, ತೋಳು ಚಾಚಿ ಹಿಡಿದ ಅಕ್ಕಿಕಾಳಿನಷ್ಟು ಗಾತ್ರದಲ್ಲಿ ಕಾಣುತ್ತದೆ. ಪುಸ್ತಕದ ಚಿತ್ರವನ್ನು ನಿರೀಕ್ಷಿಸಬೇಡವೆಂದು ಮಗಳಿಗೆ ಮೊದಲೇ ಹೇಳಿಡಿ.

ಸ್ಟ್ಯಾಂಡಿನ ವಿಷಯದಲ್ಲಿ ಜಿಪುಣತನ ಬೇಡ. ಧ್ರುವ ನಕ್ಷತ್ರಕ್ಕೆ ಹೊಂದಿಸಬೇಕಾದ ಈಕ್ವಟೋರಿಯಲ್ ಸ್ಟ್ಯಾಂಡ್ ನಿಮಗೆ ಕಷ್ಟವೇ, ಏಕೆಂದರೆ ನಿಮ್ಮೂರಿನಲ್ಲಿ ಆ ನಕ್ಷತ್ರ ಉತ್ತರ ದಿಗಂತದಿಂದ ಬರೀ 14 ಡಿಗ್ರಿ ಮೇಲಿದ್ದು, ಗುಡ್ಡ ಅಥವಾ ಅಡಿಕೆ ತೋಟದ ಹಿಂದೆ ಮರೆಯಾಗಿರುವ ಸಂಭವವೇ ಹೆಚ್ಚು. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಸರಳವಾಗಿ ತಿರುಗುವ ಡಾಬ್ಸೋನಿಯನ್ ಪೀಠ ಸಾಕು.

ಗ್ರಹಗಳನ್ನು ಹುಡುಕಲು ನಿಮ್ಮ ಗೋಡೆಯ ಮೇಲಿನ ಪಂಚಾಂಗವೇ ಸಾಕಷ್ಟು ನೆರವಾಗುತ್ತದೆ. ಫಲದ ಮಾತು ಬಿಡಿ, ಸ್ಥಾನದ ಮಾತು ಹೇಳುತ್ತಿದ್ದೇನೆ. ನಮ್ಮ ಪಂಚಾಂಗಗಳು ನಿರಯನ ಪದ್ಧತಿಯವು, ಅಂದರೆ ನಕ್ಷತ್ರಗಳನ್ನೇ ಆಧಾರವಾಗಿಟ್ಟು ರಾಶಿ ಎಣಿಸುವವು ಆದ್ದರಿಂದ ಅವು ಹೇಳುವ ರಾಶಿಯೂ ಆಕಾಶದ ನಕ್ಷತ್ರಪುಂಜವೂ ಹೆಚ್ಚುಕಡಿಮೆ ಹೊಂದುತ್ತವೆ. ಸೂರ್ಯನಿರುವ ರಾಶಿಯಿಂದ ಎಣಿಸಿದಾಗ ಏಳನೆಯದರಲ್ಲಿ ಗುರುವೋ ಶನಿಯೋ ಇದ್ದರೆ ಅದು ಸಂಜೆ ಪೂರ್ವದಲ್ಲಿ ಮೂಡಿ ರಾತ್ರಿಯಿಡೀ ಕಾಣುತ್ತದೆ. ಮೂರು, ನಾಲ್ಕನೆಯದರಲ್ಲಿದ್ದರೆ ಕತ್ತಲಾಗುವಾಗಲೇ ಪಶ್ಚಿಮದ ಕಡೆಗೋ ನೆತ್ತಿಯ ಹತ್ತಿರವೋ ಇರುತ್ತದೆ. ಮದುವೆಗೆ ಅಡ್ಡಿಯೆನ್ನುವ ‘ಗುರು ಮೌಢ್ಯ’, ‘ಶುಕ್ರ ಮೌಢ್ಯ’ಗಳೆಂದರೆ ಆ ಗ್ರಹ ಸೂರ್ಯನ ಪ್ರಭೆಯಲ್ಲಿ ಮುಳುಗಿದೆ ಎಂದರ್ಥ, ಆಗ ಹುಡುಕುವುದು ವ್ಯರ್ಥ. ಶುಕ್ರ ಸೂರ್ಯನಿಂದ 47 ಡಿಗ್ರಿಗಿಂತ ಹೆಚ್ಚು ದೂರ ಹೋಗುವುದಿಲ್ಲವಾದ್ದರಿಂದ ಅದನ್ನು ಸಂಜೆ ಪಶ್ಚಿಮದಲ್ಲಿ ಇಲ್ಲವೇ ಮುಂಜಾನೆ ಪೂರ್ವದಲ್ಲಿ ಮಾತ್ರ ನೋಡಬೇಕು. ರಾಹು ಕೇತುಗಳನ್ನು ಹುಡುಕಬೇಡಿ. ಅವು ಚಂದ್ರನ ಹಾದಿ ಸೂರ್ಯನ ಹಾದಿಯನ್ನು ಕತ್ತರಿಸುವ ಬಿಂದುಗಳಷ್ಟೇ.

ಗುರಿ ಹಿಡಿಯಲು ದೂರದರ್ಶಕದ ಮೇಲಿರುವ ಪುಟ್ಟ ಸಾಧನವಾದ ಫೈಂಡರನ್ನು ಹಗಲಲ್ಲೇ, ದೂರದ ತೆಂಗಿನ ಮರದ ಸುಳಿಗೆ ಗುರಿಯಿಟ್ಟು ಸರಿಹೊಂದಿಸಿಕೊಳ್ಳಿ. ಆಗ ಅಪ್ಪಿತಪ್ಪಿಯೂ ಸೂರ್ಯನತ್ತ ತಿರುಗಿಸಬೇಡಿ, ಕಣ್ಣು ಕ್ಷಣದಲ್ಲಿ ಹಾಳಾದೀತು. 90 ಪಟ್ಟಿನಲ್ಲಿ ಗ್ರಹವೊಂದು ಎರಡೇ ನಿಮಿಷದಲ್ಲಿ ನೋಟದಿಂದ ಜಾರಿಹೋದರೆ ಅದು ಉಪಕರಣದ ದೋಷವಲ್ಲ, ಭೂಮಿ ತಿರುಗುತ್ತಿದೆ. ಇನ್ನು ಮಳೆಗಾಲದಲ್ಲಿ ನಿಮ್ಮ ಕಡೆ ಗಾಜಿಗೂ ಬೂಷ್ಟು ಹಿಡಿಯುತ್ತದೆ. ಐಪೀಸುಗಳನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬದಲ್ಲಿಡಿ. ಕನ್ನಡಿಯ ಮೇಲೆ ಇಬ್ಬನಿ ಕೂತರೆ ಬಟ್ಟೆಯಿಂದ ಒರೆಸದೆ, ತಾನಾಗಿ ಆರಲು ಬಿಡಿ.