ಹೊರಗ್ರಹಗಳ ಚಂದ್ರರನ್ನು ಹುಡುಕುವ ಸಂಶೋಧನೆಗೆ ಕಾಸರಗೋಡಿನಲ್ಲಿದ್ದುಕೊಂಡು ಹೇಗೆ ತಯಾರಾಗುವುದು?

ನೀವು ಕೇಳಿದ್ದು ಇಷ್ಟು: ಹತ್ತರವರೆಗೆ ಕನ್ನಡ ಮೀಡಿಯಂ, ಈಗ ಕಾಸರಗೋಡಿನಲ್ಲಿ ಬಿಎಸ್ಸಿ ಫಿಸಿಕ್ಸ್ ಎರಡನೇ ವರ್ಷ, ಕೈಯಲ್ಲಿ 8 ಜಿಬಿಯ ಲ್ಯಾಪ್‌ಟಾಪ್, ಬೇರೆ ನಕ್ಷತ್ರಗಳ ಗ್ರಹಗಳಿಗೂ ಚಂದ್ರರುಂಟೋ ಎಂದು ಹುಡುಕುವ ಕೆಲಸಕ್ಕೇ ಹೋಗಬೇಕು, ಈಗಲೇ ಏನು ಮಾಡಬಹುದು?

ಮಾಡಲಿಕ್ಕೆ ಬೇಕಾದಷ್ಟು ಉಂಟು. ಆದರೆ ಒಂದು ಮಾತು ಮೊದಲೇ ತಿಳಿದಿರಲಿ: ಎಲ್ಲರೂ ಒಪ್ಪಿದ ಹೊರಚಂದ್ರ ಇನ್ನೂ ಒಂದೂ ಇಲ್ಲ. ಈ ಕೆಲಸದ ಮುಕ್ಕಾಲು ಪಾಲು ಹೊತ್ತು ಹೋಗುವುದು, ಬೆಳಕಿನ ರೇಖೆಯಲ್ಲಿ (ಹೊತ್ತು ಹೋದಂತೆ ನಕ್ಷತ್ರದ ಬೆಳಕು ಹೇಗೆ ಬದಲಾಯಿತೆಂದು ತೋರಿಸುವ ಗ್ರಾಫಿನಲ್ಲಿ) ಕಂಡ ತಗ್ಗನ್ನು ನಾವೇ ತೋಡಿದೆವೋ ಏನೋ ಎಂದು ಪರೀಕ್ಷಿಸುವುದರಲ್ಲಿ. ಆ ಪರೀಕ್ಷೆಯಲ್ಲಿ ರುಚಿ ಹುಟ್ಟಿದರೆ ಮಾತ್ರ ಮುಂದುವರಿಯಿರಿ.

ಕಷ್ಟ ಎಷ್ಟೆಂದು ಅಂದಾಜು ಮಾಡಲು ವರ್ಗ ಲೆಕ್ಕ ಸಾಕು. ಗ್ರಹ ನಕ್ಷತ್ರದ ಮುಂದೆ ಹಾಯುವಾಗ, ಅಂದರೆ ಸಂಕ್ರಮಣದಲ್ಲಿ, ಬೆಳಕು ಕುಂದುವುದು ತ್ರಿಜ್ಯಗಳ ಅನುಪಾತದ ವರ್ಗದಷ್ಟು. ದೂರದಿಂದ ನೋಡುವವನಿಗೆ ಗುರು ನಮ್ಮ ಸೂರ್ಯನ ಬೆಳಕನ್ನು ಶೇಕಡಾ 1ರಷ್ಟು ತಗ್ಗಿಸುತ್ತಾನೆ. ಭೂಮಿ ಹತ್ತು ಲಕ್ಷದಲ್ಲಿ 84 ಪಾಲು, ಗುರುವಿನ ಚಂದ್ರ ಗ್ಯಾನಿಮೀಡ್ 14 ಪಾಲು, ನಮ್ಮ ಚಂದ್ರ ಬರೇ 6 ಪಾಲು. ನಕ್ಷತ್ರದ ಮೇಲ್ಮೈ ತಾನಾಗಿಯೇ ಕುದಿಯುವುದರಿಂದ ಬರುವ ಏರಿಳಿತ ಇದಕ್ಕಿಂತ ದೊಡ್ಡದು. ಹಾಗಾಗಿ ಇಂದಿನ ಉಪಕರಣಗಳಿಗೆ ಸಿಕ್ಕುವುದಿದ್ದರೆ ಭೂಮಿಯಷ್ಟು ಅಥವಾ ಅದಕ್ಕಿಂತ ದೊಡ್ಡ ಚಂದ್ರ ಮಾತ್ರ.

ಎಲ್ಲಿ ಹುಡುಕಬಾರದು ಎನ್ನುವುದೂ ಗೊತ್ತಿರಬೇಕು. ಗ್ರಹದ ಹಿಡಿತ ನಡೆಯುವ ವಲಯಕ್ಕೆ ಹಿಲ್ ಗೋಲ ಎನ್ನುತ್ತಾರೆ. ಗ್ರಹದ ರಾಶಿಯನ್ನು (ದ್ರವ್ಯರಾಶಿಯನ್ನು) ನಕ್ಷತ್ರದ ರಾಶಿಯ ಮೂರು ಪಟ್ಟಿನಿಂದ ಭಾಗಿಸಿ, ಘನಮೂಲ ತೆಗೆದು, ಕಕ್ಷೆಯ ದೂರದಿಂದ ಗುಣಿಸಿದರೆ ಅದರ ತ್ರಿಜ್ಯ. ಗ್ರಹ ಸುತ್ತುವ ದಿಕ್ಕಿನಲ್ಲೇ ಸುತ್ತುವ ಚಂದ್ರ ಬಾಳುವುದು ಸುಮಾರು ಅರ್ಧ ತ್ರಿಜ್ಯದ ಒಳಗೆ. ನಕ್ಷತ್ರಕ್ಕೆ ತೀರಾ ಹತ್ತಿರದ, 3–4 ದಿನಕ್ಕೊಮ್ಮೆ ಸುತ್ತುವ ಬಿಸಿ ಗುರುಗಳಿಗೆ, ಅಂದರೆ ಗುರುವಿನಂಥ ದೈತ್ಯ ಗ್ರಹಗಳಿಗೆ, ಈ ವಲಯ ಕಿರಿದು. ಇದ್ದ ಚಂದ್ರನೂ ಉಬ್ಬರವಿಳಿತದ ಎಳೆತಕ್ಕೆ ಸಿಕ್ಕಿ ಉಳಿಯುವುದು ಕಷ್ಟ. ದೂರದ ಗ್ರಹಗಳಲ್ಲಿ ಜಾಗ ಧಾರಾಳ, ಆದರೆ ಸಂಕ್ರಮಣಗಳೇ ಬೆರಳೆಣಿಕೆ.

ಆ ಇಕ್ಕಟ್ಟಿಗೆ ಒಳ್ಳೆಯ ಪಾಠ ಕೆಪ್ಲರ್-1625ಬಿ. ರಾಜಹಂಸ ನಕ್ಷತ್ರಪುಂಜದ ದಿಕ್ಕಿನಲ್ಲಿ, 287 ದಿನಗಳ ಕಕ್ಷೆಯಲ್ಲಿರುವ ಗುರುವಿನ ಗಾತ್ರದ ಗ್ರಹ ಅದು. ಕೆಪ್ಲರ್ ದೂರದರ್ಶಕದ ನಾಲ್ಕು ವರ್ಷಗಳ ಡೇಟಾದಲ್ಲಿ ಅದರ ಸಂಕ್ರಮಣ ಸಿಕ್ಕಿದ್ದು 3. 2017ರ ಅಕ್ಟೋಬರಿನಲ್ಲಿ ಹಬಲ್ 40 ಗಂಟೆ ನೋಡಿತು. ಸಂಕ್ರಮಣ ಎಣಿಸಿದ್ದಕ್ಕಿಂತ ಸುಮಾರು ಒಂದೂಕಾಲು ಗಂಟೆ ಮುಂಚೆ ಶುರುವಾಯಿತು. ಗ್ರಹ ದಾಟಿ ಮೂರೂವರೆ ಗಂಟೆಯ ಮೇಲೆ ಇನ್ನೊಂದು ಸಣ್ಣ ತಗ್ಗು ಕಂಡಿತು. 2018ರಲ್ಲಿ ಅಲೆಕ್ಸ್ ಟೀಚಿ ಮತ್ತು ಡೇವಿಡ್ ಕಿಪ್ಪಿಂಗ್ ಇದು ನೆಪ್ಚೂನ್ ಗಾತ್ರದ ಚಂದ್ರ ಇರಬಹುದೆಂದು ಬರೆದರು. ಮರುವರ್ಷ ಲಾರಾ ಕ್ರೈಡ್‌ಬರ್ಗ್ ತಂಡ ಅದೇ ಹಬಲ್ ಡೇಟಾವನ್ನು ಬೇರೆ ರೀತಿಯಲ್ಲಿ ಶುದ್ಧಮಾಡಿದಾಗ ಆ ಸಣ್ಣ ತಗ್ಗೇ ಇರಲಿಲ್ಲ. 2022ರ ಕೆಪ್ಲರ್-1708ಬಿಯ ಚಂದ್ರನಿಗೂ ಇಂಥದೇ ಆಕ್ಷೇಪ 2023ರಲ್ಲಿ ರೆನೆ ಹೆಲ್ಲರ್ ಮತ್ತು ಮೈಕೆಲ್ ಹಿಪ್ಕೆ ಅವರಿಂದ ಬಂತು. ಎರಡೂ ಕಡೆಯವರು ನುರಿತವರೇ. ಜಗಳ ಇರುವುದು ಡೇಟಾ ತೊಳೆಯುವ ಹಂತದಲ್ಲಿ.

ಆದ್ದರಿಂದ ನಿಮ್ಮ ಮೊದಲ ಪ್ರಾಜೆಕ್ಟ್ ಆ ತೊಳೆಯುವ ಹಂತವೇ ಆಗಲಿ. ಪೈಥಾನಿನಲ್ಲಿ ಲೈಟ್‌ಕರ್ವ್ ಎಂಬ ಲೈಬ್ರರಿ ಹಾಕಿಕೊಂಡು ಕೆಪ್ಲರ್-1625ರ 30 ನಿಮಿಷದ ಡೇಟಾ ಇಳಿಸಿ. ಎರಡು ಕಾಲಮ್ ಸಿಗುತ್ತವೆ. ಎಸ್‌ಎಪಿ ಅಂದರೆ ಪಿಕ್ಸೆಲ್‌ಗಳನ್ನು ಕೂಡಿಸಿದ ಕಚ್ಚಾ ಬೆಳಕು. ಪಿಡಿಸಿಎಸ್‌ಎಪಿ ಅಂದರೆ ನೌಕೆಯ ದೋಷಗಳನ್ನು ತೆಗೆದದ್ದು. ಎರಡನ್ನೂ ಒಂದರ ಕೆಳಗೊಂದು ಬಿಡಿಸಿ ನೋಡಿ. ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲದ ತಗ್ಗಿಗೆ ಗುರುತು ಹಾಕಿ.

ಹೊಸಬರು ಸಾಮಾನ್ಯವಾಗಿ ಎಡವುವ ಜಾಗ ಎರಡು. ಒಂದು, ದಾರಿತಪ್ಪಿದ ಬಿಂದುಗಳನ್ನು ತೆಗೆಯುವ ಆಜ್ಞೆ. ಅದನ್ನು ಹಾಗೆಯೇ ಓಡಿಸಿದರೆ ಮೇಲಿನದ್ದರ ಜೊತೆ ಕೆಳಗಿನ ಬಿಂದುಗಳೂ ಹೋಗುತ್ತವೆ, ಸಂಕ್ರಮಣವೇ ಅಳಿಸಿಹೋಗುತ್ತದೆ. ಮೇಲ್ಬದಿಯನ್ನು ಮಾತ್ರ ಕತ್ತರಿಸಿ. ಎರಡನೆಯದು ರೇಖೆಯನ್ನು ಸಮತಟ್ಟು ಮಾಡುವ ಫ್ಲಾಟನ್ ಆಜ್ಞೆ. ಅದರ ಕಿಟಕಿ, ಅಂದರೆ ಅದು ಒಂದು ಸಲಕ್ಕೆ ನೋಡುವ ಬಿಂದುಗಳ ಅಗಲ, ನೀವೇನೂ ಹೇಳದಿದ್ದರೆ 101 ಬಿಂದು. ಕೆಪ್ಲರಿನ ಒಂದು ಬಿಂದು 29.4 ನಿಮಿಷ, ಅಂದರೆ ಕಿಟಕಿ ಸುಮಾರು 49 ಗಂಟೆ. ಈ ಗ್ರಹದ ಸಂಕ್ರಮಣವೇ 19 ಗಂಟೆ. ಗ್ರಹಕ್ಕೆ ಗುರುವಿನಷ್ಟೇ ರಾಶಿ, ನಕ್ಷತ್ರಕ್ಕೆ ಸೂರ್ಯನಷ್ಟೇ ರಾಶಿ ಎಂದು ಹಿಡಿದರೆ ಹಿಲ್ ಗೋಲದ ತ್ರಿಜ್ಯದ ಅರ್ಧ ಸುಮಾರು 44 ಲಕ್ಷ ಕಿ.ಮೀ.; ಗ್ರಹದ ವೇಗ ಸೆಕೆಂಡಿಗೆ ಸುಮಾರು 32 ಕಿ.ಮೀ. ಭಾಗಿಸಿ ನೋಡಿ: ಚಂದ್ರನ ತಗ್ಗು ಗ್ರಹದ ತಗ್ಗಿಗಿಂತ ಒಂದೂವರೆ ದಿನ ಮುಂಚೆಯೂ ಬರಬಹುದು, ಒಂದೂವರೆ ದಿನ ತಡವಾಗಿಯೂ ಬರಬಹುದು. ಅಷ್ಟನ್ನೂ ಮುಚ್ಚದೆ 49 ಗಂಟೆಯ ಕಿಟಕಿ ಓಡಿಸಿದರೆ ಫಿಲ್ಟರ್ ಚಂದ್ರನನ್ನು ನುಂಗುತ್ತದೆ. ಇಲ್ಲವೇ ಗ್ರಹದ ತಗ್ಗಿನ ಎರಡೂ ಬದಿಗೆ ಸಣ್ಣ ಉಬ್ಬು ಏಳಿಸುತ್ತದೆ, ಉಬ್ಬಿನ ಪಕ್ಕದ ಸಮನೆಲ ತಗ್ಗಿನಂತೆ ಕಾಣುತ್ತದೆ. ಸಂಕ್ರಮಣದ ನಡುಬಿಂದುವಿನಿಂದ ಆಚೀಚೆ 2 ದಿನ ಮುಚ್ಚಿ, ಉಳಿದ ಭಾಗಕ್ಕೆ ಮಾತ್ರ ವಕ್ರರೇಖೆ ಹೊಂದಿಸಿ. ಕಿಟಕಿಯ ಅಗಲ ಬದಲಿಸಿ 5 ಸಲ, ವಿಧಾನ ಬದಲಿಸಿ 3 ಸಲ ಮಾಡಿ. ಪ್ರತಿ ಸಲ ಆಕಾರ ಬದಲಿಸುವ ತಗ್ಗನ್ನು ನಂಬಬೇಡಿ.

ಬಳಿಕ ನಕಲಿ ಚಂದ್ರರ ಪರೀಕ್ಷೆ. ಪ್ಯಾಂಡೋರಾ ಎಂಬ ಉಚಿತ ಪೈಥಾನ್ ಕೋಡ್ ಗ್ರಹ ಮತ್ತು ಚಂದ್ರ ಒಟ್ಟಿಗೆ ಹಾಯುವ ರೇಖೆಯನ್ನು ಲೆಕ್ಕಹಾಕಿ ಕೊಡುತ್ತದೆ. ಬೇರೆ ಬೇರೆ ಗಾತ್ರ, ದೂರಗಳ 500 ನಕಲಿ ಚಂದ್ರರನ್ನು ಕಚ್ಚಾ ಡೇಟಾಕ್ಕೆ ಸೇರಿಸಿ. ನೆನಪಿಡಿ, ಸೇರಿಸಬೇಕಾದ್ದು ತೊಳೆಯುವ ಮೊದಲು. ತೊಳೆದ ಮೇಲೆ ಸೇರಿಸಿದರೆ ಪರೀಕ್ಷೆಗೆ ಅರ್ಥವೇ ಇಲ್ಲ. ಎಷ್ಟು ಮರಳಿ ಸಿಕ್ಕಿದವು ನೋಡಿ. ಚಂದ್ರನಿಲ್ಲದ 500 ಗ್ರಹಗಳನ್ನೂ ಹಾಗೆಯೇ ಸೇರಿಸಿ, ಎಷ್ಟರಲ್ಲಿ ಸುಳ್ಳು ಚಂದ್ರ ಕಾಣಿಸಿತು ಎಂದು ಎಣಿಸಿ. ನನ್ನ ಮಟ್ಟಿಗೆ ಈ ಎರಡನೆಯ ಸಂಖ್ಯೆಯೇ ಹೆಚ್ಚು ಬೆಲೆಯುಳ್ಳದ್ದು. ಪಿಕ್ಸೆಲ್ ಮಟ್ಟದ ಚಿತ್ರಗಳನ್ನೂ ತೆರೆದು ನೋಡಬೇಕು: ಕೆಪ್ಲರ್-90ಜಿ ಗ್ರಹದ ಚಂದ್ರನಂತಿದ್ದ ತಗ್ಗು ಸುಳ್ಳೆಂದು 2015ರಲ್ಲಿ ಗೊತ್ತಾದದ್ದು ಹಾಗೆ ನೋಡಿದ ಮೇಲೆ.

ಇನ್ನು ಹೊತ್ತಿನ ಲೆಕ್ಕ. ಚಂದ್ರ ಗ್ರಹವನ್ನು ಆಚೀಚೆ ಎಳೆಯುವುದರಿಂದ ಸಂಕ್ರಮಣ ಒಮ್ಮೆ ಮುಂಚೆ, ಒಮ್ಮೆ ತಡ. ಭೂಮಿ–ಚಂದ್ರರ ರಾಶಿಕೇಂದ್ರ ಭೂಮಿಯ ನಡುವಿನಿಂದ ಸುಮಾರು 4,670 ಕಿ.ಮೀ.; ಭೂಮಿಯ ವೇಗ ಸೆಕೆಂಡಿಗೆ 29.8 ಕಿ.ಮೀ.; ಹಾಗಾದರೆ ವ್ಯತ್ಯಾಸ 157 ಸೆಕೆಂಡಿನಷ್ಟು. ಆದರೆ ಪಕ್ಕದ ಗ್ರಹವೂ ಹೀಗೆಯೇ ಎಳೆಯುತ್ತದೆ. ಸಂಕ್ರಮಣದ ಅವಧಿಯೂ ಬದಲಾಗುತ್ತಿದ್ದು, ಆ ಬದಲಾವಣೆ ಹೊತ್ತಿನ ಬದಲಾವಣೆಗಿಂತ ಕಾಲು ಸುತ್ತು ಹಿಂದೆಮುಂದೆ ಇದ್ದರೆ ಚಂದ್ರನ ಕಡೆಗೆ ವಾದ ಗಟ್ಟಿಯಾಗುತ್ತದೆ. ಕೆಪ್ಲರ್ ಡೇಟಾದ ಸಮಯಕ್ಕೆ 2454833, ಟೆಸ್ ದೂರದರ್ಶಕದ ಡೇಟಾದ ಸಮಯಕ್ಕೆ 2457000 ಕೂಡಿಸಿದರೆ ಖಗೋಳದವರು ಬಳಸುವ ಜೂಲಿಯನ್ ದಿನಸಂಖ್ಯೆ ಸಿಗುತ್ತದೆ. ಭೂಮಿಯ ಗಡಿಯಾರವನ್ನು ಸೌರವ್ಯೂಹದ ರಾಶಿಕೇಂದ್ರಕ್ಕೆ ತರದಿದ್ದರೆ 8 ನಿಮಿಷದವರೆಗೆ ತಪ್ಪಾಗುತ್ತದೆ. ಅದು ಚಂದ್ರನ 157 ಸೆಕೆಂಡಿನ ಮೂರು ಪಟ್ಟು.

ತಗ್ಗನ್ನು ಚಂದ್ರನೆಂದುಕೊಳ್ಳುವುದಕ್ಕೆ ಹತ್ತಿರದ ಉದಾಹರಣೆ ತಮಿಳುನಾಡಿನ ತಿರುಪತ್ತೂರು ಜಿಲ್ಲೆಯ ಕಾವಲೂರಿನಲ್ಲೇ ಉಂಟು. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರವನ್ನು ಮರೆಮಾಡುವುದಿತ್ತು. ಅಲ್ಲಿನ 1 ಮೀಟರ್ ದೂರದರ್ಶಕದಲ್ಲಿ ನಕ್ಷತ್ರದ ಬೆಳಕು ಕೆಲವು ಸೆಕೆಂಡು ಕುಂದಿತು. ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಅದನ್ನು ಮೊದಲು ಯುರೇನಸಿನ ಹೊಸ ಉಪಗ್ರಹವೆಂದು ಅರ್ಥೈಸಿದರು. ಬೇರೆಡೆಯ ದಾಖಲೆಗಳನ್ನು ಜೋಡಿಸಿದಾಗ ಅದು ಉಂಗುರ ಎಂದಾಯಿತು. ಅಳತೆ ಸರಿಯಿತ್ತು, ವಿವರಣೆ ಬದಲಾಯಿತು.

ಕೈಯಾರೆ ಒಂದು ಸಂಕ್ರಮಣ ಅಳೆಯುವ ಆಸೆ ಇದ್ದರೆ ವಿಜಯಸಾರಥಿ ನಕ್ಷತ್ರಪುಂಜದ ವಾಸ್ಪ್-12ಬಿ ಗ್ರಹವನ್ನು ಆರಿಸಿ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್ ಮಳೆ, ಅಕ್ಟೋಬರಿನಲ್ಲಿ ಸಂಜೆಯ ಗುಡುಗು. ಆಕಾಶ ತೆರೆಯುವ ಡಿಸೆಂಬರ್–ಫೆಬ್ರವರಿಯಲ್ಲಿ ಈ ನಕ್ಷತ್ರ ರಾತ್ರಿ ನೆತ್ತಿಯ ಹತ್ತಿರ ಬರುತ್ತದೆ. ಕಾಂತಿಮಾನ 11.6, ತಗ್ಗು ಶೇಕಡಾ 1.4, ಅವಧಿ 3 ಗಂಟೆ. ಸುತ್ತು 26 ಗಂಟೆ 12 ನಿಮಿಷದ್ದಾದ್ದರಿಂದ 12 ದಿನಕ್ಕೊಮ್ಮೆ ಹೆಚ್ಚುಕಡಿಮೆ ಅದೇ ಹೊತ್ತಿಗೆ ಸಿಗುತ್ತದೆ. ನಕ್ಷತ್ರವನ್ನು ಹಿಂಬಾಲಿಸುವ ಸ್ಟ್ಯಾಂಡಿನ ಮೇಲೆ 8 ಇಂಚಿನ ದೂರದರ್ಶಕ, ಸಿಮಾಸ್ ಕ್ಯಾಮೆರಾ, ಕೆಂಪು ಫಿಲ್ಟರ್, 60 ಸೆಕೆಂಡಿನ ಫೋಟೋಗಳು. ಸಂಕ್ರಮಣದ ಮೊದಲು ಒಂದು ಗಂಟೆ, ಬಳಿಕ ಒಂದು ಗಂಟೆ ಬಿಡದೆ ತೆಗೆಯಿರಿ. ಫೋಕಸ್ ಸ್ವಲ್ಪ ಸಡಿಲಿಸಿ ಬೆಳಕನ್ನು ಹೆಚ್ಚು ಪಿಕ್ಸೆಲ್‌ಗಳಿಗೆ ಹರಡಿ. ಪಕ್ಕದ 4–5 ನಕ್ಷತ್ರಗಳಿಗೆ ಹೋಲಿಸಿ ಆಸ್ಟ್ರೋ‌ಇಮೇಜ್‌ಜೆ ಎಂಬ ತಂತ್ರಾಂಶದಲ್ಲಿ ಅಳೆಯಿರಿ. ಕರಾವಳಿಯಲ್ಲಿ ಕೆಲಸ ಕೆಡಿಸುವುದು ಇಬ್ಬನಿ. ಗಾಜಿನ ಮೇಲೆ ತೇವ ಕೂತರೆ ಎಲ್ಲ ನಕ್ಷತ್ರಗಳೂ ಮೆಲ್ಲಗೆ ಮಂಕಾಗುತ್ತವೆ. ಅಂಚಿನವು ನಡುವಿನವಕ್ಕಿಂತ ಬೇರೆ ಪ್ರಮಾಣದಲ್ಲಿ ಮಂಕಾದರೆ ಹೋಲಿಕೆಯೇ ಕೆಡುತ್ತದೆ. ಕೊಳವೆಯ ಬಾಯಿಗೆ ಬಿಸಿಪಟ್ಟಿ ಸುತ್ತಿ. ನೆತ್ತಿ ದಾಟುವಾಗ ದೂರದರ್ಶಕವನ್ನು ಸ್ಟ್ಯಾಂಡಿನ ಇನ್ನೊಂದು ಬದಿಗೆ ತಿರುಗಿಸಬೇಕಾಗಿ ಬಂದರೆ ನಕ್ಷತ್ರ ಬೇರೆ ಪಿಕ್ಸೆಲ್‌ಗೆ ಹೋಗಿ ರೇಖೆಯಲ್ಲಿ ಮೆಟ್ಟಿಲು ಮೂಡುತ್ತದೆ. ಅದು ಸಂಕ್ರಮಣದ ನಡುವೆ ಬೀಳದ ರಾತ್ರಿ ನೋಡಿಕೊಳ್ಳಿ. ಈ ಗ್ರಹದ ಸುತ್ತು ವರ್ಷಕ್ಕೆ ಸುಮಾರು 29 ಮಿಲಿಸೆಕೆಂಡು ಕಿರಿದಾಗುತ್ತಿದೆ. ಅದು ಕೂಡುತ್ತಾ ಹೋಗಿ 10 ವರ್ಷಕ್ಕೆ ಸಂಕ್ರಮಣ 8 ನಿಮಿಷದಷ್ಟು ಮುಂಚೆ ಬರುತ್ತದೆ. ಹಳೆಯ ಪಟ್ಟಿಯ ಎದುರು ನಿಮ್ಮ ಅಳತೆ ಇಟ್ಟರೆ ಆ ವ್ಯತ್ಯಾಸ ನಿಮಗೇ ಕಾಣುತ್ತದೆ.

ಓದಿನ ದಾರಿ ಚುಟುಕಾಗಿ: ಎಂಎಸ್ಸಿ ಫಿಸಿಕ್ಸಿಗೆ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ ಎರಡೂ ಹತ್ತಿರ, ಐಐಟಿಗಾದರೆ ಜಾಮ್ ಪರೀಕ್ಷೆ. ಪಿಎಚ್‌ಡಿಗೆ ಜೆಸ್ಟ್, ನೆಟ್, ಗೇಟ್. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಮತ್ತು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ, ಅಂದರೆ ಪಿಆರ್‌ಎಲ್ ಎರಡರಲ್ಲೂ ಹೊರಗ್ರಹದ ಕೆಲಸ ನಡೆಯುತ್ತದೆ. ಪಿಆರ್‌ಎಲ್‌ನವರು ಮೌಂಟ್ ಅಬುವಿನ ಪಾರಸ್ ಎಂಬ ವರ್ಣಪಟಲ ಅಳೆಯುವ ಉಪಕರಣದಿಂದ ಗ್ರಹಗಳನ್ನು ಕಂಡುಹಿಡಿದು ತೂಗಿದ್ದಾರೆ. ಪಿಎಚ್‌ಡಿ ವಿಷಯವನ್ನು ಚಂದ್ರನೊಬ್ಬನ ಮೇಲೇ ನಿಲ್ಲಿಸಬೇಡಿ. ಸಂಕ್ರಮಣದ ಕಾಲಮಾಪನ ಅಥವಾ ನಕ್ಷತ್ರದ ಏರಿಳಿತ ಮುಖ್ಯ ವಿಷಯವಾಗಿರಲಿ, ಚಂದ್ರ ಒಂದು ಅಧ್ಯಾಯ. ಚಂದ್ರ ಸಿಗದಿದ್ದರೂ ಆಗ ಪ್ರಬಂಧ ಗಟ್ಟಿಯಾಗಿಯೇ ಉಳಿಯುತ್ತದೆ. ಇಂಗ್ಲಿಷ್ ಪೇಪರ್ ಕಂಡು ಹೆದರಬೇಡಿ: ಮೊದಲು ಚಿತ್ರಗಳು, ಬಳಿಕ ಡೇಟಾ ತೊಳೆದ ಭಾಗ, ಕೊನೆಗೆ ಪೀಠಿಕೆ, ಹೀಗೆ ವಾರಕ್ಕೊಂದು ಓದಿ.

ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕುವಾಗ ಆ 500 ನಕಲಿ ಚಂದ್ರರ ಗ್ರಾಫನ್ನು ನಿಮ್ಮ ಬರಹದಲ್ಲಿ ವಿವರಿಸಿ. ಮರಳಿ ಸಿಗದ ಚಂದ್ರರ ಬಿಂದುಗಳನ್ನೂ ಬೇರೆ ಬಣ್ಣದಲ್ಲಿ ಅದರಲ್ಲೇ ಬಿಡಿಸಿರಿ, ಅವು ಯಾಕೆ ಸಿಗಲಿಲ್ಲ ಎಂದು ಎರಡು ಸಾಲು ಬರೆಯಿರಿ.