ಅವ್ವನಿಗೆ ಸೈನಸ್ ಎಕ್ಸ್‌ರೇ ಬರೆದಿದ್ದಾರೆ. ಅದೇ ಸಾಕಾ, ನೇರ ಸಿಟಿ ಸ್ಕ್ಯಾನ್ ಮಾಡಿಸಬೇಕಾ? ಮೊನ್ನೆ ಅಪ್ಪ ಬೈಕಿನಿಂದ ಬಿದ್ದರು, ಸ್ಕಲ್ (ತಲೆಬುರುಡೆ) ಎಕ್ಸ್‌ರೇ ನಾರ್ಮಲ್ ಬಂತು. ಕಿರಣದಿಂದ ತೊಂದರೆ ಇಲ್ವಾ?

ಇಂಥದ್ದೇ ಚೀಟಿ ಹಿಡಿದುಕೊಂಡು ನಾನೂ ಓಡಾಡಿದ್ದೇನೆ. ನಮ್ಮೂರು ಬ್ಯಾಡಗಿ. ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಸುಗ್ಗಿಯಲ್ಲಿ ಇಲ್ಲಿ ಸೀನದವರೇ ಇಲ್ಲ. ಘಾಟು, ಧೂಳು, ಮೂಗು ಸೋರುವುದು ಎಲ್ಲರಿಗೂ ಇದ್ದದ್ದೇ. ಹಾಗಾಗಿ ನನಗೆ ಹಣೆ, ಕಣ್ಣಿನ ಸುತ್ತ ನೋವು ಶುರುವಾದಾಗ ಅಂಗಡಿಯವರೆಲ್ಲ ಒಂದೇ ಮಾತು ಹೇಳಿದರು: ಸೈನಸ್, ಅಂದರೆ ಮೂಗಿನ ಸುತ್ತ ಮೂಳೆಯೊಳಗಿರುವ ಗಾಳಿಗೂಡುಗಳ ತೊಂದರೆ.

ಎಕ್ಸ್‌ರೇ ಆಯಿತು. ನಿಲ್ಲಿಸಿ, ಗದ್ದ ಮೇಲೆತ್ತಿ ಪ್ಲೇಟಿಗೆ ಒತ್ತಿಸಿ, ಬಾಯಿ ತೆರೆಸಿ ತೆಗೆದರು. ಇದಕ್ಕೆ ವಾಟರ್ಸ್ ವ್ಯೂ ಅನ್ನುತ್ತಾರೆ. ಎಡಗೆನ್ನೆಯ ಸೈನಸ್ ಮಬ್ಬಾಗಿದೆ ಅಂತ ರಿಪೋರ್ಟ್ ಬಂತು.

ನನಗೆ ದುಬಾರಿ ಬಿದ್ದದ್ದು ಆಮೇಲೆ ನಾನು ಮಾಡಿದ್ದು. ಯಾವ ಡಾಕ್ಟರ ಹತ್ತಿರ ಹೋದರೂ ಕುರ್ಚಿಯಲ್ಲಿ ಕೂರುವ ಮೊದಲೇ ಆ ಕವರ್ ಮೇಜಿನ ಮೇಲೆ ಇಡುತ್ತಿದ್ದೆ. "ನನಗ ಸೈನಸ್ ಐತ್ರಿ" ಅಂತಲೇ ಮಾತು ಶುರು. ಅವರು ಫಿಲ್ಮ್ ಬೆಳಕಿಗೆ ಹಿಡಿಯುತ್ತಿದ್ದರು, ಮಬ್ಬು ಕಾಣುತ್ತಿತ್ತು, ಆಂಟಿಬಯೋಟಿಕ್ ಬರೆಯುತ್ತಿದ್ದರು. ನೋವು ಒಂದೇ ಪಕ್ಕಕ್ಕೆ ಬರುತ್ತದಾ, ಬೆಳಕು ಕಂಡರೆ ಜಾಸ್ತಿ ಆಗುತ್ತದಾ, ವಾಕರಿಕೆ ಇದೆಯಾ? ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಉತ್ತರ ಕವರಿನೊಳಗೆ ಇದೆ ಅಂತ ನಂಬಿದ್ದೆ. ಮಬ್ಬು ಇದ್ದದ್ದು ನಿಜ. ಸಾದಾ ನೆಗಡಿಯಲ್ಲೂ ಅದು ಕಾಣುತ್ತದೆ. ನೋವು ಅದರಿಂದಲೇ ಬರುತ್ತಿದೆ ಅಂತ ಯಾವ ಎಕ್ಸ್‌ರೇಯೂ ಹೇಳುವುದಿಲ್ಲ, ಆ ಗಂಟು ಹಾಕಿದವನು ನಾನು.

ಆ ಸುಗ್ಗಿ ಪೂರ್ತಿ ಹಾಳಾಯಿತು. ಗುಳಿಗೆಯಿಂದ ಹೊಟ್ಟೆ ಕೆಟ್ಟಿತು, ರಜೆ ಹಾಕಿ ಪಗಾರ ಹೋಯಿತು. ಕೊನೆಗೆ ರೈಲು ಹತ್ತಿ ಹುಬ್ಬಳ್ಳಿಗೆ ಹೋದೆ. ಅಲ್ಲಿನ ಇಎನ್‌ಟಿ ಡಾಕ್ಟರ್ ಕವರ್ ಪಕ್ಕಕ್ಕೆ ಸರಿಸಿ, "ಅದನ್ನ ಆಮ್ಯಾಲೆ ನೋಡೋಣ್ರಿ, ನೋವು ಹೆಂಗ ಬರ್ತದ ಹೇಳ್ರಿ" ಅಂದರು. ಎಲ್ಲ ಹೇಳಿದೆ. ಮೂಗಿನೊಳಗೆ ಎಂಡೋಸ್ಕೋಪ್ (ಒಳಗೆ ನೋಡುವ ಸಣ್ಣ ನಳಿಕೆ) ಹಾಕಿ ನೋಡಿದರು, ಕೀವು ಇರಲಿಲ್ಲ. ಮೈಗ್ರೇನ್. ಮೈಗ್ರೇನಿನಲ್ಲೂ ಮೂಗು ಸೋರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಅದಕ್ಕೇ ಬಹಳ ಜನ ಸೈನಸ್ ಅಂದುಕೊಳ್ಳುತ್ತಾರಂತೆ.

ಆದ್ದರಿಂದ ಎಕ್ಸ್‌ರೇಯೋ ಸಿಟಿಯೋ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಇದನ್ನು ತೆಗೆಸಿದರೆ ಔಷಧಿ ಏನಾದರೂ ಬದಲಾಗುತ್ತದಾ ಅಂತ ಡಾಕ್ಟರನ್ನು ಮೊದಲು ಕೇಳಿ. ನೆಗಡಿ ಜೊತೆ ಬರುವ ಸೈನಸ್ ತೊಂದರೆ ಹೆಚ್ಚಾಗಿ ವೈರಸ್‌ನಿಂದ. 7ರಿಂದ 10 ದಿನದಲ್ಲಿ ಇಳಿಯುತ್ತದೆ, ಅದಕ್ಕೆ ಯಾವ ಎಕ್ಸ್‌ರೇಯೂ ಬೇಡ. ವೈರಸ್ಸೋ ಬ್ಯಾಕ್ಟೀರಿಯಾವೋ ಅಂತ ಎಕ್ಸ್‌ರೇಯಲ್ಲಿ ಗೊತ್ತಾಗುವುದೂ ಇಲ್ಲ. ತಿಂಗಳುಗಟ್ಟಲೆ ಮೂಗು ಕಟ್ಟಿದ್ದರೆ, ಆಪರೇಷನ್ ಮಾತು ಬಂದರೆ, ಆಗ ಸಿಟಿಯೇ ಸರಿ. ಕಣ್ಣುಗಳ ನಡುವಿನ ಸಣ್ಣ ಸೈನಸ್‌ಗಳು ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದಿಲ್ಲ. ಕಣ್ಣು ಊದಿದರೆ, ದೃಷ್ಟಿ ಮಂಜಾದರೆ, ಜ್ವರದ ಜೊತೆ ಕುತ್ತಿಗೆ ಸೆಟೆದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಕಿರಣಕ್ಕೆ ಅಷ್ಟು ಹೆದರಬೇಡಿ. ತಲೆಯ ಎಕ್ಸ್‌ರೇ ಅಂದರೆ ಸುಮಾರು 0.1 ಮಿಲಿಸೀವರ್ಟ್ (ಮೈಗೆ ತಾಗುವ ಕಿರಣದ ಅಳತೆ) ಇಲ್ಲವೇ ಅದಕ್ಕೂ ಕಡಿಮೆ. ಸುಮ್ನೆ ಮನೆಯಲ್ಲಿದ್ದರೂ ನೆಲ, ಗಾಳಿ, ಆಕಾಶದಿಂದ ವರ್ಷಕ್ಕೆ ಸರಾಸರಿ 2.4 ಬರುತ್ತದೆ. ತಲೆಯ ಸಿಟಿಗೆ ಸುಮಾರು 2. ಬೇಕಾದಾಗ ಅದೇನೂ ದೊಡ್ಡದಲ್ಲ. ಬೇಡದ್ದಕ್ಕೆ ಯಾಕೆ ಅಂತ ನನ್ನ ವಾದ.

ತೆಗೆಸುವುದೇ ಆದರೆ ಅವ್ವಾರ ಮೂಗುತಿ, ಓಲೆ, ಹೇರ್‌ಪಿನ್, ಹಲ್ಲಿನ ಸೆಟ್ ಎಲ್ಲ ತೆಗೆದಿಡಿ. ಲೋಹ ಬೆಳ್ಳಗೆ ಬಿದ್ದು ಹಿಂದಿನದನ್ನು ಮುಚ್ಚುತ್ತದೆ. ಮೂಗುತಿ ಬಿಗಿಯಾಗಿದ್ದರೆ ಹಿಂದಿನ ದಿನವೇ ಮನೆಯಲ್ಲಿ ನಿಧಾನಕ್ಕೆ ಬಿಚ್ಚಿ. ನಿಲ್ಲುವ ಶಕ್ತಿ ಇದ್ದರೆ ನಿಲ್ಲಿಸಿ, ಇಲ್ಲವೇ ಕೂರಿಸಿ ತೆಗೆಯಲು ಹೇಳಿ. ಮಲಗಿಸಿದರೆ ಒಳಗಿನ ನೀರು ಹರಡಿ ಅದರ ಮಟ್ಟದ ಗೆರೆ ಕಾಣುವುದಿಲ್ಲ. ಜೊತೆಗೆ ಬಂದವರಲ್ಲಿ ಯಾರಾದರೂ ಬಸುರಿ ಇದ್ದರೆ ಅವರು ಕೋಣೆಯ ಹೊರಗೇ ಇರಲಿ.

ಇನ್ನೊಂದು. ಮೊನ್ನೆ ಅಪ್ಪ ಬೈಕಿನಿಂದ ಬಿದ್ದರು, ಸ್ಕಲ್ ಎಕ್ಸ್‌ರೇ ನಾರ್ಮಲ್ ಬಂತು ಅಂತ ನಡುವೆ ಒಂದು ಸಾಲು ಬರೆದಿದ್ದೀರಿ. ನನಗೆ ಅವ್ವಾರಿಗಿಂತ ಅದೇ ಚಿಂತೆ. ಆ ಎಕ್ಸ್‌ರೇ ತೋರಿಸುವುದು ಮೂಳೆ ಮಾತ್ರ. ಮೂಳೆ ಮುರಿಯದೆಯೂ ಒಳಗೆ ರಕ್ತ ಸೋರಬಹುದು, ಅದು ಕಾಣಬೇಕಾದರೆ ಸಿಟಿ ಬೇಕು. ತಲೆನೋವು ಏರುತ್ತಾ ಹೋದರೆ, ಪದೇ ಪದೇ ವಾಂತಿ ಆದರೆ, ಎಬ್ಬಿಸಿದರೂ ಮಂಪರು ಇದ್ದರೆ, ಮಾತು ತೊದಲಿದರೆ, ಮೂಗು ಕಿವಿಯಿಂದ ತಿಳಿ ನೀರು ಬಂದರೆ ರಾತ್ರಿಯಾದರೂ ಸರಿ, ಸಿಟಿ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ವಯಸ್ಸಾದವರಲ್ಲಿ ಬಿದ್ದು ಕೆಲವು ವಾರ ಆದ ಮೇಲೂ ಇದು ಕಾಣಿಸಿಕೊಳ್ಳುತ್ತದೆ. ಅಪ್ಪಾರು ರಕ್ತ ತೆಳುವಾಗುವ ಗುಳಿಗೆ ತಗೊಳ್ತಾರಾ? ಹೌದಾದರೆ ಈ ತೊಂದರೆ ಯಾವುದೂ ಇಲ್ಲದಿದ್ದರೂ ಇವತ್ತೇ ಡಾಕ್ಟರಿಗೆ ತೋರಿಸಿ, ಬಿದ್ದದ್ದನ್ನೂ ಗುಳಿಗೆಯ ಹೆಸರನ್ನೂ ಹೇಳಿ.